ಎಣಿಕೆಗೆ ಬಾರದವು

ಎಣಿಸಿ ಮುಗಿಯದ ವಸ್ತುವಿಗೆ ನಮ್ಮ ಜನ ಮೊದಲಿನಿಂದಲೂ ಕೊಡುತ್ತ ಬಂದಿರುವ ಉದಾಹರಣೆ ಆಕಾಶದ ನಕ್ಷತ್ರ. ಎಣಿಸಲಾಗದು ಎಂದಮೇಲೆ ಕವಿಯ ಕೆಲಸ ಮುಗಿಯಿತು. ಖಗೋಳಶಾಸ್ತ್ರಜ್ಞನ ಕೆಲಸ ಅಲ್ಲಿಂದಲೇ ಮೊದಲಾಗುತ್ತದೆ. ಅವನು ಎಣಿಸಲು ಕೂರುತ್ತಾನೆ. ಪೂರ್ತಿಯಾಗದು ಎಂದು ಗೊತ್ತಿದ್ದೂ ಎಣಿಸುವವನ ಲೆಕ್ಕವನ್ನು ನಿಜವೆನ್ನಬಹುದೆ? ಕನ್ನಡ ಪಾಠ ಹೇಳುವ ನನಗೆ ಇದು ವಿಜ್ಞಾನದ ಪ್ರಶ್ನೆಗಿಂತ ಹೆಚ್ಚಾಗಿ ನೀತಿಯ ಪ್ರಶ್ನೆಯಾಗಿ ಕಾಣುತ್ತದೆ.

ಒಂದು ನಿದರ್ಶನವನ್ನು ತೆಗೆದುಕೊಳ್ಳೋಣ. ನಮ್ಮ ಆಕಾಶಗಂಗೆಯ ನೆರೆಯಲ್ಲಿರುವ ದೊಡ್ಡ ಸುರುಳಿ ಗೆಲಾಕ್ಸಿ ಆಂಡ್ರೊಮೀಡ. ದೇವಯಾನಿ ಎಂಬ ಹೆಸರೂ ಅದಕ್ಕುಂಟು. ನೆರೆ ಎಂದರೂ, ಅಲ್ಲಿಂದ ಹೊರಟ ಬೆಳಕು ನಮ್ಮನ್ನು ಮುಟ್ಟಲು ಸುಮಾರು 25 ಲಕ್ಷ ವರ್ಷ ಬೇಕು. ಅದರ ಸುರುಳಿಯ ತೋಳುಗಳಲ್ಲಿ ಜಲಜನಕದ ಮೋಡಗಳಿವೆ. ಆ ಮೋಡಗಳೊಳಗೆ ಹುಟ್ಟಿದ ಎಳೆಯ, ಅತಿ ಬಿಸಿಯ ನಕ್ಷತ್ರಗಳು ಸೂಸುವ ಅತಿನೇರಳೆ ಕಿರಣ ಜಲಜನಕದ ಪರಮಾಣುವಿನಿಂದ ಎಲೆಕ್ಟ್ರಾನನ್ನು ಕಿತ್ತುಹಾಕುತ್ತದೆ. ಎಲೆಕ್ಟ್ರಾನು ಮರಳಿ ಸೇರಿ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವಾಗ ಒಂದು ನಿರ್ದಿಷ್ಟವಾದ ಕೆಂಪು ಬೆಳಕು ಹೊರಡುತ್ತದೆ. ಆ ಕೆಂಪನ್ನಷ್ಟೇ ಒಳಗೆ ಬಿಡುವ ಗಾಜಿನ ಮೂಲಕ ಚಿತ್ರ ತೆಗೆದರೆ, ಬೂದಿ ಕೆದರಿದಾಗ ಕೆಂಡ ಕಾಣುವಂತೆ ಮೋಡಗಳು ಬೇರೆಯಾಗಿ ತೋರುತ್ತವೆ.

ಜರ್ಮನಿಯಲ್ಲಿ ಹುಟ್ಟಿ, ಅಮೆರಿಕದ ಮೌಂಟ್ ವಿಲ್ಸನ್ ಮತ್ತು ಪಾಲೊಮಾರ್ ವೀಕ್ಷಣಾಲಯಗಳಲ್ಲಿ ದುಡಿದ ವಾಲ್ಟರ್ ಬಾಡೆ ಇವುಗಳನ್ನು ಛಾಯಾಫಲಕಗಳ ಮೇಲೆ ಒಂದೊಂದಾಗಿ ಗುರುತಿಸಿದರು. ಮೋಡಗಳು ಸುರುಳಿಯ ತೋಳುಗಳ ಉದ್ದಕ್ಕೂ ಸಾಲುಗಟ್ಟಿರುವುದನ್ನು ಅವರು ತೋರಿಸಿಕೊಟ್ಟರು. ಈ ಸುಳಿವನ್ನು ಹಿಡಿದು 1951ರಲ್ಲಿ ವಿಲಿಯಂ ಮಾರ್ಗನ್ ಮತ್ತು ಅವರ ಇಬ್ಬರು ಕಿರಿಯ ಸಹೋದ್ಯೋಗಿಗಳು ನಮ್ಮ ಆಕಾಶಗಂಗೆಯ ತೋಳುಗಳ ಜಾಡನ್ನೇ ಕಂಡುಹಿಡಿದರು. ಮನೆಯೊಳಗೆ ಕುಳಿತವನಿಗೆ ಮನೆಯ ಆಕಾರ ಕಾಣದು. ನೆರೆಮನೆಯ ದೀಪಗಳನ್ನು ನೋಡಿ ನಮ್ಮ ಮನೆ ಹೇಗಿದ್ದೀತೆಂದು ತಿಳಿದ ಹಾಗಾಯಿತು. ಬಾಡೆ 1960ರಲ್ಲಿ ತೀರಿಕೊಂಡರು. ಅವರ ಪಟ್ಟಿಯನ್ನು ಹಾಲ್ಟನ್ ಆರ್ಪ್ 1964ರಲ್ಲಿ ಇಬ್ಬರ ಹೆಸರಿನಲ್ಲಿ ಪ್ರಕಟಿಸಿದರು. ಅದರಲ್ಲಿದ್ದ ಮೋಡಗಳು 688.

ಅದೇ ಗೆಲಾಕ್ಸಿಯ ಬಗ್ಗೆ 2011ರಲ್ಲಿ ಪ್ರಕಟವಾದ ಇನ್ನೊಂದು ಪಟ್ಟಿಯಲ್ಲಿ 3,600ಕ್ಕೂ ಹೆಚ್ಚು ಮೋಡಗಳಿವೆ. ನಡುವಣ ನಲವತ್ತೇಳು ವರ್ಷಗಳಲ್ಲಿ ಅಲ್ಲಿ ಹೊಸ ಮೋಡಗಳೇನೂ ಮುಸುಕಲಿಲ್ಲ. ಉಪಕರಣ ಸೂಕ್ಷ್ಮವಾಯಿತು, ಎಣಿಸಬೇಕಾದದ್ದನ್ನು ಬಿಡಬೇಕಾದದ್ದರಿಂದ ಬೇರ್ಪಡಿಸುವ ಗೆರೆ ಕೆಳಕ್ಕಿಳಿಯಿತು. ಹಾಗಾದರೆ 688 ಎಂದದ್ದು ಸುಳ್ಳೆ? ಅಲ್ಲ. ಹೊಸ ಪಟ್ಟಿಯವರೂ ತಮ್ಮದೇ ಪೂರ್ಣವೆಂದು ಹೇಳಿಕೊಳ್ಳಲಿಲ್ಲ. ಇಷ್ಟು ಪ್ರಕಾಶದವರೆಗೆ ನಮ್ಮ ಎಣಿಕೆ ಪೂರ್ಣ, ಅದಕ್ಕಿಂತ ಮಸುಕಾದ ಕೆಲವು ಬಿಟ್ಟುಹೋಗಿರಬಹುದು ಎಂದು ಮೊದಲೇ ತಿಳಿಸಿದರು. ಪಟ್ಟಿ ನಿಜವಾಗುವುದು ಈ ಒಂದು ಮಾತಿನಿಂದ. ಎಲ್ಲವನ್ನೂ ಎಣಿಸಿದೆ ಎನ್ನುವವನ ಲೆಕ್ಕಕ್ಕಿಂತ, ಇಲ್ಲಿಗೆ ನಿಲ್ಲಿಸಿದೆ ಎನ್ನುವವನ ಲೆಕ್ಕ ಹೆಚ್ಚು ನಂಬಿಕೆಗೆ ಅರ್ಹ.

ಗೆರೆಯೇ ಏಕೆ ಬೇಕು, ಕಂಡದ್ದನ್ನೆಲ್ಲ ಸೇರಿಸಬಾರದೆ ಎಂದು ಕೇಳಬಹುದು. ಸೇರಿಸಿದರೆ ಇನ್ನೊಂದು ತೊಡಕು. ಅತಿ ಮಸುಕಾದ ಕಡೆ ಮೋಡ ಯಾವುದು, ಚಿತ್ರದ ಕಲೆ ಯಾವುದು, ಎಲ್ಲೆಡೆ ಹರಡಿದ ತೆಳುವಾದ ಅನಿಲ ಯಾವುದು ತಿಳಿಯದು. ಸಿಡಿದು ಸತ್ತ ನಕ್ಷತ್ರದ ಅವಶೇಷವೂ ಅದೇ ಕೆಂಪಿನಲ್ಲಿ ಹೊಳೆದು ಕಣ್ಣನ್ನು ಮೋಸಗೊಳಿಸುತ್ತದೆ. ಗೆರೆ ಮೇಲಿದ್ದರೆ ಇರುವುದು ಬಿಟ್ಟುಹೋಗುತ್ತದೆ; ಕೆಳಗಿದ್ದರೆ ಇಲ್ಲದ್ದು ಒಳಗೆ ಬರುತ್ತದೆ. ಇನ್ನು, ಇಂಥ ಮೋಡದ ಬೆಳಗು ಕೆಲವು ದಶಲಕ್ಷ ವರ್ಷಗಳದ್ದಷ್ಟೇ. ನಾವು ನೋಡುತ್ತಿರುವುದು 25 ಲಕ್ಷ ವರ್ಷದ ಹಿಂದಿನ ಬೆಳಕಾದ್ದರಿಂದ, ಪಟ್ಟಿಯಲ್ಲಿರುವ ಕೆಲವು ದೀಪಗಳು ಈಗಾಗಲೇ ಆರಿರಬೇಕು. ಮತದಾರರ ಪಟ್ಟಿಯಲ್ಲಿ ತೀರಿಕೊಂಡವರ ಹೆಸರು ಉಳಿದುಕೊಳ್ಳುವುದು ಭೂಮಿಯ ಮೇಲೆ ಮಾತ್ರವಲ್ಲ!

ಈ ಮಾತು ಭೂಮಿಗೆ ಇಳಿದಾಗ ಪ್ರಶ್ನೆಯ ಭಾರ ಹೆಚ್ಚುತ್ತದೆ. ನಾವೂ ದಿನ ಬೆಳಗಾದರೆ ಪಟ್ಟಿ ಮಾಡುವವರೇ. ಪರೀಕ್ಷೆಯ ಉತ್ತರಪತ್ರಿಕೆಗಳನ್ನು ತಿದ್ದುವಾಗ ತೇರ್ಗಡೆಗೆ ಒಂದು ಗೆರೆ ಎಳೆಯುತ್ತೇವೆ. ಗೆರೆಗೆ ಒಂದೇ ಅಂಕ ಕಡಿಮೆಯಾದ ಹುಡುಗನಿಗೂ ಗೆರೆ ಮುಟ್ಟಿದ ಹುಡುಗನಿಗೂ ಬುದ್ಧಿಯಲ್ಲಿ ಇರುವ ಅಂತರ ಕೂದಲೆಳೆಯಷ್ಟು. ಪಟ್ಟಿಯಲ್ಲಿ ಆಗುವ ಅಂತರ ಒಂದು ವರ್ಷ. ಗೆರೆ ಬೇಡವೆನ್ನುವ ಧೈರ್ಯ ನನಗಿಲ್ಲ. ಆದರೆ ಗೆರೆಯ ಕೆಳಗೆ ಬಿದ್ದವನಿಗೆ ಏನೂ ಬಾರದೆಂದು ಹೇಳುವ ಹಕ್ಕು ಆ ಗೆರೆಗೆ ಇಲ್ಲ ಎಂಬುದನ್ನು ಎಷ್ಟು ಮಂದಿ ನೆನಪಿಡುತ್ತೇವೆ?

ಕಚೇರಿಯ ಕಿಟಕಿಯ ಮುಂದೆ ವೇತನಕ್ಕಾಗಿ ನಿಂತ ಒಬ್ಬ ಮುದುಕಿಯನ್ನು ಊಹಿಸಿಕೊಳ್ಳಿ. “ಪಟ್ಟಿಯಲ್ಲಿ ನಿನ್ನ ಹೆಸರಿಲ್ಲಮ್ಮ” ಎನ್ನುತ್ತಾನೆ ಒಳಗಿನವನು. ಅವನು ಸುಳ್ಳಾಡಲಿಲ್ಲ, ಹೆಸರು ನಿಜವಾಗಿಯೂ ಇಲ್ಲ. ಆದರೆ ಆಕೆ ಇದ್ದಾಳೆ. ಕಣ್ಣೆದುರಿಗೆ ನಿಂತವಳಿಗಿಂತ ಕೈಯಲ್ಲಿರುವ ಕಾಗದ ಹೆಚ್ಚು ನಿಜವಾಗಿಬಿಟ್ಟಾಗ, ಎಣಿಕೆ ಅರಿವಿನ ಸಾಧನವಾಗಿ ಉಳಿಯದೆ ಕುರುಡಿನ ಸಾಧನವಾಗುತ್ತದೆ.

ಇಲ್ಲೊಂದು ಮುಖ್ಯವಾದ ಭೇದವನ್ನು ಗಮನಿಸಬೇಕು. ಎಣಿಕೆಗೆ ಸಿಗದ ಮೋಡಕ್ಕೆ ನಷ್ಟವೇನೂ ಇಲ್ಲ. ಅದು ತನ್ನ ಪಾಡಿಗೆ ತಾನು ಬೆಳಗುತ್ತಿರುತ್ತದೆ, ನಷ್ಟವಾದರೆ ನಮ್ಮ ತಿಳಿವಿಗೆ. ಎಣಿಕೆಗೆ ಸಿಗದ ಮನುಷ್ಯನಿಗೆ ಅಂದಿನ ಗಂಜಿಯೇ ಇಲ್ಲವಾಗಬಹುದು. ಆದ್ದರಿಂದ ಖಗೋಳಶಾಸ್ತ್ರಜ್ಞನಿಗೆ ಮಿತಿಯನ್ನು ಹೇಳಿಬಿಟ್ಟರೆ ಸಾಕು; ಮನುಷ್ಯರ ಪಟ್ಟಿ ಮಾಡುವವನಿಗೆ ಅಷ್ಟು ಸಾಲದು. ಅವನು ಮಿತಿಯನ್ನು ಹೇಳಬೇಕು, ಬಿಟ್ಟುಹೋದವರು ಬಂದು ತಟ್ಟಿದರೆ ತೆರೆಯುವಂತೆ ಬಾಗಿಲನ್ನೂ ಇಡಬೇಕು.

ಕಲ್ಲಿನಂತೆ ತಣ್ಣಗಿರುವುದು ವಿಜ್ಞಾನ, ಕರುಣೆ ಇರುವುದು ಬೇರೆ ಕಡೆ ಎಂದು ನಾವು ಸಾಹಿತ್ಯದವರು ಸುಲಭವಾಗಿ ಹೇಳಿಬಿಡುತ್ತೇವೆ. ಉಸಿರಿಲ್ಲದ ಅನಿಲದ ಬಗ್ಗೆ, ನಮಗೆ ಕಾಣದೆಯೂ ಕೆಲವು ಇದ್ದಾವು ಎಂದು ಬರೆದಿಡುವಷ್ಟು ಎಚ್ಚರ ಅವರಿಗಿದೆ. ಆ ಎಚ್ಚರದ ಒಂದು ಪಾಲು ನಮ್ಮ ಹಾಜರಿ ಪುಸ್ತಕಗಳಿಗೂ ಕಚೇರಿಯ ಕಡತಗಳಿಗೂ ಬಂದರೆ, ಆ ಮುದುಕಿಗೆ ಒಳಗಿನಿಂದ ಕೇಳುವ ಮಾತು ಬೇರೆಯಾದೀತು: “ಹೆಸರು ಇಲ್ಲವಲ್ಲಮ್ಮ, ಕೂತುಕೊಳ್ಳಿ, ಏಕೆ ಬಿಟ್ಟುಹೋಯಿತೋ ನೋಡೋಣ.”