*ಇಂದಿನ ಚಿಂತನೆ: ಕೀಲಿ ಬಾಗಿಲಿಗೆ, ಮನುಷ್ಯರಿಗಲ್ಲ*

ದಸರಾ ರಜೆ ಹತ್ತಿರ ಬಂತು. ನಮ್ಮಲ್ಲಿ ಹಲವರು ನಾಗಪುರದ ದೀಕ್ಷಾಭೂಮಿಗೆ ಹೊರಡುವ ತಯಾರಿಯಲ್ಲಿದ್ದೀರಿ. ಕೆಲವರು ಮಕ್ಕಳನ್ನು ಕರೆದುಕೊಂಡು ಅಜಂತಾ, ಸಾಂಚಿ ನೋಡಿ ಬರುವವರಿದ್ದೀರಿ. ಹೊರಡುವ ಮುಂಚೆ ಮನೆಯನ್ನು ಹೇಗೆ ಬಿಟ್ಟು ಹೋಗಬೇಕು? ಇದು ಧಮ್ಮದ ಪ್ರಶ್ನೆಯೂ ಹೌದು ಎಂಬುದು ನನಗೆ ತಡವಾಗಿ ತಿಳಿಯಿತು. ತಿಳಿದ ಬಗೆಯನ್ನು ಇಂದು ಹೇಳುತ್ತೇನೆ.

ಎರಡು ವರ್ಷದ ಹಿಂದಿನ ಮಾತು. ನಾಗಪುರಕ್ಕೆ ಹೊರಡುವ ಹಿಂದಿನ ದಿನ. ನಾನು ಮಾಸ್ತರ, ಯಾವುದಕ್ಕೂ ಒಂದು ಯಾದಿ ಬರೆಯುವುದು ನನ್ನ ರೂಢಿ. ಹಾಲಿನವನಿಗೆ ಅರ್ಧ ಲೀಟರ್ ಸಾಕು ಎಂದು ಹೇಳುವುದು. ಅವ್ವನ ಬಿ.ಪಿ. ಗುಳಿಗೆ ತಂದಿಡುವುದು. ಜೋಳದ ಚೀಲ ಗೋಡೆಯಿಂದ ಸರಿಸುವುದು. ಕಪಾಟಿಗೆ ಕೀಲಿ ಹಾಕಿ ಕೀಲಿಕೈ ಬ್ಯಾಗಿನಲ್ಲಿ ಇಟ್ಟುಕೊಳ್ಳುವುದು. ಕೊನೆಯ ಸಾಲು: "ಬಾಗಿಲಿಗೆ ಕೀಲಿ ಬೇಕಿಲ್ಲ, ಅವ್ವ ಇರ್ತಾಳ."

ಎಂಟನೇ ತರಗತಿಯ ಮಗ ಆ ಕಾಗದ ಓದಿ ಕೇಳಿದ: "ಅಪ್ಪಾ, ಆಯೀನ ಹೆಸರು ಕೀಲಿ ಸಾಲಿನ್ಯಾಗ ಯಾಕ ಬರದಿ?"

ಅವನು ಚೇಷ್ಟೆಗೆ ಕೇಳಿದ್ದ. ನನಗೆ ಉತ್ತರ ಹೊಳೆಯಲಿಲ್ಲ.

ನಮ್ಮ ಮನೆ ಬೀಳಗಿ ಹತ್ತಿರದ ಪುನರ್ವಸತಿ ಕೇಂದ್ರದಲ್ಲಿದೆ. ಹಳೆಯ ಊರು ಆಲಮಟ್ಟಿ ಹಿನ್ನೀರಿನ ಪಾಲಾಯಿತು. ಊರು ಬಿಡುವಾಗ ಬಾಗಿಲು, ಚೌಕಟ್ಟು, ತೊಲೆ ಎಲ್ಲ ಕಿತ್ತು ತಂದೆವು. ಬರೀ ಗೋಡೆ ಉಳಿದ ಮನೆಯ ನೆಲವನ್ನು ಅವ್ವ ಗುಡಿಸಿ, ಸಾರಿಸಿ ಬಂದಿದ್ದಳು. ಒಮ್ಮೆ ಬಿಟ್ಟ ಮನೆ ಮತ್ತೆ ಸಿಗಲಿಲ್ಲ ಎಂಬುದು ಅವಳ ಮನಸ್ಸಿನಲ್ಲಿ ಗಟ್ಟಿಯಾಗಿ ಕೂತಿದೆ. ಹಾಗಾಗಿ ಅವಳು ಮನೆ ಬಿಟ್ಟು ಬರುವವಳಲ್ಲ ಎಂದು ನಾನೇ ತೀರ್ಮಾನ ಮಾಡಿದ್ದೆ. ನನಗೆ ಅದು ಅನುಕೂಲವೂ ಆಗಿತ್ತು.

ಆ ರಾತ್ರಿ, ವರ್ಷಾವಾಸದಲ್ಲಿ ನಮ್ಮ ಬಳಗದಲ್ಲಿ ಓದಿದ ಒಂದು ಭಾಗ ನೆನಪಾಯಿತು. ವಿನಯಪಿಟಕದ ಚುಲ್ಲವಗ್ಗದಲ್ಲಿ 'ಗಮಿಕವತ್ತ' ಎಂದು ಬರುತ್ತದೆ. ಗಮಿಕ ಎಂದರೆ ಹೊರಟು ನಿಂತವನು. ವತ್ತ ಎಂದರೆ ನಡೆದುಕೊಳ್ಳಬೇಕಾದ ರೀತಿ. ಕೆಲವು ಭಿಕ್ಖುಗಳು ಸಾಮಾನು ತೆಗೆದಿಡದೆ, ಬಾಗಿಲು ಕಿಟಕಿ ತೆರೆದೇ ಇಟ್ಟು, ಯಾರಿಗೂ ಹೇಳದೆ ಹೊರಟುಬಿಡುತ್ತಿದ್ದರು. ಸಾಮಾನು ಹಾಳಾಗುತ್ತಿತ್ತು. ಆಗ ಭಗವಾನ್ ಬುದ್ಧರು ಹೊರಡುವವರಿಗೆ ಒಂದು ನಡವಳಿಕೆ ಹೇಳಿದರು. ಕಟ್ಟಿಗೆಯ ಸಾಮಾನು, ಮಣ್ಣಿನ ಸಾಮಾನು ತೆಗೆದಿಡಬೇಕು. ಬಾಗಿಲು, ಕಿಟಕಿ ಮುಚ್ಚಬೇಕು. ವಸತಿಯ ಬಗ್ಗೆ ಕೇಳಿ, ಒಪ್ಪಿಸಿ ಹೊರಡಬೇಕು. ಅಲ್ಲಿ ಭಿಕ್ಖು ಇಲ್ಲದಿದ್ದರೆ ಸಾಮಣೇರನನ್ನು ಕೇಳಬೇಕು. ಅವನೂ ಇಲ್ಲದಿದ್ದರೆ ವಿಹಾರದ ಕೆಲಸದವನನ್ನು, ಅವನೂ ಇಲ್ಲದಿದ್ದರೆ ಉಪಾಸಕನನ್ನು ಕೇಳಬೇಕು. ಯಾರೂ ಇಲ್ಲದಿದ್ದರೆ? ನಾಲ್ಕು ಕಲ್ಲಿನ ಮೇಲೆ ಮಂಚ ಇಟ್ಟು, ಹಾಸಿಗೆಯನ್ನು ಅದರ ಮೇಲೆ ಒಟ್ಟಿ, ಬಾಗಿಲು ಮುಚ್ಚಿ ಹೊರಡಬೇಕು.

ಇಲ್ಲಿ ಎರಡು ಮಾತು ಗಮನಿಸಿ.

*ಒಂದು:* ಭಿಕ್ಖುವಿಗೆ ಸ್ವಂತದ ಮನೆ ಇಲ್ಲ. ಆ ಮಂಚ, ಹಾಸಿಗೆ ಸಂಘದವು. ಆದರೂ ಜೋಪಾನ ಮಾಡಿ ಹೋಗಬೇಕು. ಯಾಕೆಂದರೆ ನಾಳೆ ಅಲ್ಲಿ ಮಲಗುವವರು ಬೇರೆಯವರು. ನಾವು ಮನೆ ಭದ್ರ ಮಾಡುವಾಗ "ನನ್ನದು ಏನು ಹೋದೀತು" ಎಂದು ಯೋಚಿಸುತ್ತೇವೆ. ಬುದ್ಧರು "ನೀನು ಹೋದ ಮೇಲೆ ಯಾರಿಗೆ ತೊಂದರೆಯಾದೀತು" ಎಂದು ಯೋಚಿಸಲು ಹೇಳುತ್ತಾರೆ. ಅವ್ವ ಹಳೆಯ ಮನೆಯ ನೆಲ ಸಾರಿಸಿದಾಗ ಅಲ್ಲಿ ಕಳೆದುಕೊಳ್ಳಲು ಏನೂ ಉಳಿದಿರಲಿಲ್ಲ. ಅವಳು ಪಾಲಿ ಓದಿದವಳಲ್ಲ. ಗಮಿಕವತ್ತ ಅವಳ ಕೈಯಲ್ಲೇ ಇತ್ತು.

*ಎರಡು:* ಅಲ್ಲಿ ಬರುವ ಪಾಲಿ ಮಾತು 'ಆಪುಚ್ಛಾ'. ಅಂದರೆ ಕೇಳಿ. ಉಳಿಯುವವರನ್ನು ಕೇಳಿ ಹೊರಡಬೇಕು. ವಿಹಾರದಲ್ಲಿ ಕೆಲಸ ಮಾಡುವವನೂ ಆ ಸಾಲಿನಲ್ಲಿದ್ದಾನೆ. ನಾನು ಅವ್ವನನ್ನು ಕೇಳಿರಲಿಲ್ಲ.

ಇನ್ನೊಂದು ಮಾತು ನನ್ನನ್ನು ಹೆಚ್ಚು ಚುಚ್ಚಿತು. ನನ್ನ ಮುತ್ತಜ್ಜನ ಕಾಲದಲ್ಲಿ ಬೀಳಗಿ ಮುಂಬೈ ಪ್ರಾಂತ್ಯದ ವಿಜಾಪುರ ಜಿಲ್ಲೆಯಲ್ಲಿತ್ತು. ನಮ್ಮ ಹಿರಿಯರದು ವತನದ ಚಾಕರಿ. ಕಣ ಕಾಯುವುದು, ಟಪಾಲು ಒಯ್ಯುವುದು, ಸಾವಿನ ಸುದ್ದಿ ಮುಟ್ಟಿಸುವುದು. ಹಗಲು ರಾತ್ರಿ ಎನ್ನದೆ ಕರೆದಾಗ ಹೋಗಬೇಕು. 1928ರಲ್ಲಿ ಬಾಬಾಸಾಹೇಬರು ಮುಂಬೈ ಶಾಸನ ಪರಿಷತ್ತಿನಲ್ಲಿ 1874ರ ವತನ ಕಾಯ್ದೆಗೆ ತಿದ್ದುಪಡಿ ಮಸೂದೆ ತಂದಾಗ ಇದನ್ನೇ ಎತ್ತಿ ತೋರಿಸಿದರು. ವತನದಾರ ಇಲ್ಲದಿದ್ದರೆ ಅವನ ಮನೆಯವರಲ್ಲಿ ಯಾರಾದರೂ ಚಾಕರಿಗೆ ನಿಲ್ಲಬೇಕು, ಅಂದರೆ ಇಡೀ ಕುಟುಂಬವೇ ಒತ್ತೆ ಬಿದ್ದಂತೆ ಎಂಬುದು ಅವರ ವಾದದ ತಿರುಳು.

ಯೋಚಿಸಿ ನೋಡಿ. ನಮ್ಮ ಹಿರಿಯರು ಊರವರ ಮನೆ, ಹೊಲ ಕಾದರು. ತಾವು ಮನಸ್ಸು ಬಂದಾಗ ಊರು ಬಿಟ್ಟು ನಾಲ್ಕು ದಿನ ಹೋಗಿಬರುವ ಹಾಗಿರಲಿಲ್ಲ. ಇಂದು ನಾವು ರಜೆ ಹಾಕಿ, ಟಿಕೆಟ್ ಮಾಡಿಸಿ ಹೊರಡುತ್ತೇವೆ. ಇದು ಸಣ್ಣ ಸ್ವಾತಂತ್ರ್ಯವಲ್ಲ. ಆ ಸ್ವಾತಂತ್ರ್ಯ ಅನುಭವಿಸಲು ನಾನು ನನ್ನ ಅವ್ವನನ್ನೇ ವತನಕ್ಕೆ ನಿಲ್ಲಿಸಿದ್ದೆ.

ಧಮ್ಮಕ್ಕೆ ಬಂದ ಮೇಲೆ ನಾವು ಬಾಗಿಲಿಗೆ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟುವುದು ಬಿಟ್ಟೆವು. ರಾಹುಕಾಲ ನೋಡುವುದು ಬಿಟ್ಟೆವು. ಆದರೆ ಭಯ ಬಿಟ್ಟಿರಲಿಲ್ಲ. ನಿಂಬೆಹಣ್ಣು ಕಟ್ಟುತ್ತಿದ್ದ ಜಾಗದಲ್ಲಿ ಅವ್ವನನ್ನು ಕೂರಿಸಿದ್ದೆವು.

ಬೆಳಿಗ್ಗೆ ಎದ್ದು ಕೇಳಿದೆ: "ಯವ್ವಾ, ನಾಗಪುರಕ್ಕ ಬರ್ತೀಯೇನಬೇ?"

"ನಾ ಬಂದ್ರ ಮನಿ ಯಾರ್ ಕಾಯಾವ್ರು?"

"ಮನಿ ಮಾತು ಬಿಡಬೇ. ನಿನಗ ಬರಾಕ ಮನಸ್ಸೈತೇನು?"

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಮನಸ್ಸು ಯಾಕ ಇರಂಗಿಲ್ಲಪಾ? ನೀವು ಮೂರು ಸಲ ಹೋಗಿ ಬಂದ್ರಿ. ಒಮ್ಮಿನೂ ನನ್ನ ಕೇಳಲಿಲ್ಲ" ಅಂದಳು. ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟು ಮಾಡಿದ್ದರೆ ನನಗೆ ಹಗುರಾಗುತ್ತಿತ್ತು.

ಯಾದಿ ಹೊಸದಾಗಿ ಬರೆದೆವು. ಗ್ಯಾಸಿನ ರೆಗ್ಯುಲೇಟರ್ ತೆಗೆಯುವುದು, ಉಳಿದ ಕಾಯಿಪಲ್ಲೆ ಕೊಟ್ಟುಬಿಡುವುದು, ಹಿತ್ತಲ ಬಾಗಿಲಿಗೆ ಅಗಳಿ ಹಾಕುವುದು. ಉಳಿದದ್ದು ಕೀಲಿಕೈ ಯಾರಿಗೆ ಕೊಡುವುದು ಎಂಬ ಪ್ರಶ್ನೆ. ಎದುರುಮನೆಯವರು ನಮ್ಮ ಸಮುದಾಯದವರಲ್ಲ. ಇಷ್ಟು ವರ್ಷವಾದರೂ ನಮ್ಮ ಹೊಸ್ತಿಲು ದಾಟಿದವರಲ್ಲ. ಅವ್ವನೇ ಹೇಳಿದಳು: "ಅವ್ರ ಕೈಯಾಗ ಕೊಡು. ನಮ್ಮ ಮನಿ ನೀರು ಕುಡದಿಲ್ಲ ಖರೇ, ಕಳ್ಳರಂತೂ ಅಲ್ಲ."

ಎದುರುಮನೆ ಅಕ್ಕ ಕೀಲಿಕೈ ಕಡೆ ಒಮ್ಮೆ, ನನ್ನ ಕಡೆ ಒಮ್ಮೆ ನೋಡಿದರು. ತೆಗೆದುಕೊಂಡರು. "ಸಂಜಿಗೆ ಹೊರಗಿನ ಲೈಟ್ ಹಾಕತೀನ್ರಿ ಸರ, ಹೋಗಿಬರ್ರಿ" ಅಂದರು.

ನಾಗಪುರದಲ್ಲಿ ಅವ್ವ ಸರದಿಯಲ್ಲಿ ಮೂರು ತಾಸು ನಿಂತಳು. ಕಾಲು ಬಾತವು. 1956ರ ಅಕ್ಟೋಬರ್ 14ರಂದು ಬಾಬಾಸಾಹೇಬರು ದೀಕ್ಷೆ ತೆಗೆದುಕೊಂಡ ಆ ನೆಲದಲ್ಲಿ ಕೂತು ತಿಸರಣ ಹೇಳಿದಳು. ಮರಳುವ ರೈಲಿನಲ್ಲಿ "ನಾಕ ದಿನ ಮನಿ ನೆನಪ ಆಗಲಿಲ್ಲ ನೋಡು" ಅಂದಳು.

ಮನೆಗೆ ಬಂದರೆ ಇಲಿ ಒಂದು ಚೀಲ ಜೋಳ ಕಡಿದು ಹರವಿದ್ದವು. ಅವ್ವ ಮನೆಯಲ್ಲಿದ್ದಿದ್ದರೆ ಹಾಗಾಗುತ್ತಿರಲಿಲ್ಲ, ಅದು ನಿಜ. ಇನ್ನೊಂದು ಚೀಲ ಮೇಜಿನ ಮೇಲಿತ್ತು. ಸಪ್ಪಳ ಕೇಳಿ ಎದುರುಮನೆ ಅಕ್ಕ ಒಳಗೆ ಬಂದು ಎತ್ತಿಟ್ಟಿದ್ದರು. ಚಹಾ ಮಾಡಿ ಕರೆದೆವು. "ಈಗ ಕುಡದೀನ್ರಿ" ಅಂದು ಕೀಲಿಕೈ ಕೊಟ್ಟು ಹೋದರು. ಒಂದು ದಸರೆಗೆ ಎಲ್ಲವೂ ಬದಲಾಗುವುದಿಲ್ಲ. ಆದರೆ ಕೀಲಿಕೈ ಒಮ್ಮೆ ಆ ಮನೆಗೆ ಹೋಗಿ ಬಂತು. ಈ ವರ್ಷವೂ ಹೋಗುತ್ತದೆ.

"ನಮ್ಮ ಮನೆಯ ಹಿರಿಯರಿಗೆ ಪ್ರಯಾಣ ಆಗುವುದಿಲ್ಲ, ಎಮ್ಮೆ ಕಟ್ಟಿದ್ದೇವೆ, ಯಾರಾದರೂ ಇರಲೇಬೇಕು" ಎಂದು ನೀವು ಹೇಳಬಹುದು. ಸರಿಯಾದ ಮಾತೇ. ಎಲ್ಲರೂ ಹೊರಡಲೇಬೇಕು ಎಂದು ನಾನು ಹೇಳುತ್ತಿಲ್ಲ. ಕೇಳಿದ ಮೇಲೆ "ನಾನು ಇರ್ತೀನಿ" ಎಂದವರು ಮನೆಯ ಹಿರಿಯರಾಗಿ ಉಳಿಯುತ್ತಾರೆ. ಕೇಳದೆ ಬಿಟ್ಟು ಹೋದರೆ ಅವರು ಕಾವಲಿನವರಾಗುತ್ತಾರೆ. ಹೊರಗಿನಿಂದ ಎರಡೂ ಒಂದೇ ಥರ ಕಾಣುತ್ತವೆ. ಒಳಗೆ ಕೂತವರಿಗೆ ವ್ಯತ್ಯಾಸ ಗೊತ್ತು. ಸಮತೆಗಾಗಿ ದುಡಿಯುತ್ತೇನೆ ಎಂದು ದೀಕ್ಷಾಭೂಮಿಯಲ್ಲಿ ಪ್ರತಿಜ್ಞೆ ಹೇಳುವ ಮೊದಲು ಅದು ನಮ್ಮ ಪಡಸಾಲೆಯಲ್ಲಿ ಇದೆಯೋ ಇಲ್ಲವೋ ನೋಡಿಕೊಳ್ಳಬೇಕು.

*ಇಂದಿನ ಅಭ್ಯಾಸ:* ಹೊರಡುವ ಮುಂಚೆ ಗ್ಯಾಸ್, ನೀರು, ಬಾಗಿಲು ನೋಡಿ. ಕೆಡುವ ಪದಾರ್ಥವನ್ನು ಬೇಕಾದವರಿಗೆ ಕೊಡಿ. ಮನೆಯಲ್ಲಿ ಉಳಿಯುವವರ ಎದುರು ಐದು ನಿಮಿಷ ಕೂತು ಕೇಳಿ: ನಿಮಗೂ ಬರುವ ಮನಸ್ಸಿದೆಯೇ? ಉಳಿಯುವುದಾದರೆ ನಿಮಗೆ ಏನು ಬೇಕು? ಉತ್ತರ ಬರಲು ತಡವಾದರೆ ಕಾಯಿರಿ.

ಭವತು ಸಬ್ಬ ಮಂಗಲಂ.
ನಮೋ ಬುದ್ಧಾಯ. ಜೈ ಭೀಮ್. 🙏