ಪರದೇಶಿಯ ತೋಳಿಗೆ ಲಸಿಕೆ: ಹೊಣೆ ಯಾರದು?

ಅಮೆರಿಕದ ಡೆಮಾಕ್ರಟಿಕ್ ಮತ್ತು ರಿಪಬ್ಲಿಕನ್ ಪಕ್ಷದವರು ಸೇರಿ ಒಂದೇ ಕಾಗದ ಬರೆಯುವುದು ಅಪರೂಪ. 2021ರ ಮೇ ತಿಂಗಳಲ್ಲಿ ಥಾಯ್ಲೆಂಡಿನಲ್ಲಿ ಅದು ನಡೆಯಿತು. ಅಲ್ಲಿ ನೆಲೆಸಿದ್ದ ಅಮೆರಿಕನ್ನರ ಪೈಕಿ ಎರಡೂ ಪಕ್ಷಗಳ ಸಂಘಟನೆಗಳು ಜೊತೆಗೂಡಿ, ಹೊರದೇಶದಲ್ಲಿರುವ ನಮಗೂ ಕೋವಿಡ್ ಲಸಿಕೆ ಕಳುಹಿಸಿಕೊಡಿ ಎಂದು ಆಗಿನ ವಿದೇಶಾಂಗ ಕಾರ್ಯದರ್ಶಿ ಆಂಟನಿ ಬ್ಲಿಂಕೆನ್ ಅವರನ್ನು ಕೇಳಿಕೊಂಡವು. ತನ್ನ ಪ್ರಜೆ ಭೂಮಿಯ ಯಾವ ಮೂಲೆಯಲ್ಲಿದ್ದರೂ ತೆರಿಗೆಯ ಲೆಕ್ಕ ಕೇಳುವ ದೇಶ ಅಮೆರಿಕ. ಲೆಕ್ಕ ಕೇಳುವಾಗ ನಾವು ನೆನಪಾಗುವುದಾದರೆ ಲಸಿಕೆ ಹಂಚುವಾಗ ಯಾಕಿಲ್ಲ ಎಂದು ಅಲ್ಲಿಯ ಯಾರಿಗಾದರೂ ಅನ್ನಿಸಿದ್ದರೆ ಅದರಲ್ಲಿ ತಪ್ಪಿಲ್ಲ. ಆದರೆ ಹೊರದೇಶದಲ್ಲಿ ಖಾಸಗಿಯಾಗಿ ವಾಸಿಸುವ ನಾಗರಿಕರಿಗೆ ವೈದ್ಯಕೀಯ ಸೇವೆ ಒದಗಿಸುವ ಪರಿಪಾಠ ನಮ್ಮಲ್ಲಿಲ್ಲ ಎಂಬುದು ಅಮೆರಿಕ ಸರ್ಕಾರದ ನಿಲುವಾಗಿತ್ತು. ಥಾಯ್ಲೆಂಡಿನಲ್ಲಾದರೋ ಆಗ ಥಾಯ್ ಪ್ರಜೆಗಳಿಗೇ ಲಸಿಕೆ ಸಾಲುತ್ತಿರಲಿಲ್ಲ.

ಎಲ್ಲ ದೇಶಗಳೂ ಹೀಗೆ ಕೈ ಕಟ್ಟಿ ಕೂರಲಿಲ್ಲ. ಹೊರನಾಡಿನಲ್ಲಿರುವ ಚೀನೀಯರಿಗೆ ಲಸಿಕೆ ಹಾಕಿಸುವ ‘ವಸಂತದ ಮೊಳಕೆ’ ಎಂಬ ಯೋಜನೆಯನ್ನು ಚೀನಾದ ವಿದೇಶಾಂಗ ಸಚಿವ ವಾಂಗ್ ಯಿ 2021ರ ಮಾರ್ಚ್ 7ರಂದು ಪ್ರಕಟಿಸಿದ್ದರು. ಥಾಯ್ಲೆಂಡ್ ಸೇರಿದಂತೆ ಕೆಲವು ದೇಶಗಳಲ್ಲಿದ್ದ ತನ್ನವರಿಗೆ ಫ್ರಾನ್ಸ್ ತಾನೇ ಲಸಿಕೆ ತಲುಪಿಸಿತು. ಅಮೆರಿಕದ ಆಡಳಿತದಲ್ಲಿರುವ ಪೆಸಿಫಿಕ್ ಸಾಗರದ ಗುವಾಮ್ ದ್ವೀಪ, ಪ್ರವಾಸಕ್ಕೆ ಬನ್ನಿ, ಲಸಿಕೆಯನ್ನೂ ಹಾಕಿಸಿಕೊಂಡು ಹೋಗಿ ಎಂದು ಏಷ್ಯಾದಲ್ಲಿ ನೆಲೆಸಿದ್ದ ಅಮೆರಿಕನ್ನರನ್ನು ಕರೆಯಿತು. ಟಿಕೆಟ್ಟು, ಹೋಟೆಲಿನ ಖರ್ಚು ಕೈಯಿಂದ ಹಾಕಬಲ್ಲವರಿಗೆ ಮಾತ್ರ ತೆರೆದಿದ್ದ ದಾರಿ ಅದು.

ಇವೆಲ್ಲದರ ಹಿಂದೆ ಇರುವುದು ಒಂದು ಹಳೆಯ ಧರ್ಮಪ್ರಶ್ನೆ. ಮನುಷ್ಯನ ದೇಹದ ಹೊಣೆ ಯಾರದು? ಪಾಸ್‌ಪೋರ್ಟ್ ಕೊಟ್ಟ ದೇಶದ್ದೋ, ಅವನು ದಿನಾ ಉಸಿರಾಡುವ, ದುಡಿಯುವ, ಬಸ್ಸು ಹತ್ತುವ ಊರಿನದೋ? ಸಾಮಾನ್ಯ ಕಾಲದಲ್ಲಿ ಇದನ್ನು ವಿಮಾ ಕಂಪನಿಗಳಿಗೂ ವೀಸಾ ಕಚೇರಿಗಳಿಗೂ ಬಿಟ್ಟು ಸುಮ್ಮನಿರಬಹುದು. 2021ರಲ್ಲಿ ಹಾಗಿರಲು ಆಗಲಿಲ್ಲ. ಯಾರಿಗೆ ಮೊದಲು, ಯಾರಿಗೆ ಆಮೇಲೆ, ಯಾರಿಗೆ ಇಲ್ಲವೇ ಇಲ್ಲ ಎಂದು ಪ್ರತಿ ಸರ್ಕಾರವೂ ಪಟ್ಟಿ ಮಾಡಲೇಬೇಕಾಯಿತು. ಆ ಪಟ್ಟಿಗಳನ್ನು ಓದಿದರೆ ಆಯಾ ದೇಶ ತನ್ನ ನಡುವಿನ ಹೊರಗಿನವನನ್ನು ಏನೆಂದು ತಿಳಿದಿದೆ ಎಂಬುದು ಗೊತ್ತಾಗುತ್ತದೆ.

ಹೊರಗಿನವನ ಬಗ್ಗೆ ಧರ್ಮಗಳು ಮಾತಾಡದೆ ಬಿಟ್ಟಿಲ್ಲ. ತೈತ್ತಿರೀಯ ಉಪನಿಷತ್ತಿನಲ್ಲಿ ವಿದ್ಯೆ ಮುಗಿಸಿ ಹೊರಟ ಶಿಷ್ಯನಿಗೆ ಗುರು ಹೇಳುವ ಬುದ್ಧಿಮಾತಿನಲ್ಲಿ ತಾಯಿ, ತಂದೆ, ಆಚಾರ್ಯರ ಸಾಲಿನಲ್ಲೇ ಅತಿಥಿಯೂ ಇದ್ದಾನೆ. ಝಕಾತಿನ ಹಣಕ್ಕೆ ಹಕ್ಕುಳ್ಳ ಎಂಟು ವರ್ಗದವರನ್ನು ಹೆಸರಿಸುವಾಗ ಕುರ್‌ಆನ್ ದಾರಿಹೋಕನನ್ನೂ ಸೇರಿಸುತ್ತದೆ. ಆದರೆ ಅತಿಥಿಯೂ ದಾರಿಹೋಕನೂ ನಾಲ್ಕು ದಿನವಿದ್ದು ಹೊರಟುಹೋಗುವವರು. ದುಬೈಯಲ್ಲಿ ಇಪ್ಪತ್ತು ವರ್ಷ ಲಾರಿ ಓಡಿಸಿದವನನ್ನು ಅತಿಥಿ ಎನ್ನಲಾಗುವುದಿಲ್ಲ. ಕೆಲಸ ಹೋದ ಮೇಲೆ ಉಳಿಯಲು ಬಿಡುವುದಿಲ್ಲವಾದ್ದರಿಂದ ಅವನು ಮನೆಯವನೂ ಅಲ್ಲ. ಈ ನಡುವಿನ ಮನುಷ್ಯನ ಬಗ್ಗೆ ನೇರವಾಗಿ ಮಾತಾಡುವುದು ಬೈಬಲಿನ ಯಾಜಕಕಾಂಡ. ನೆಲೆಸಿದ ಪರದೇಶದವನನ್ನು ಸ್ವದೇಶದವನಂತೆಯೇ ಕಾಣಬೇಕೆಂದು ವಿಧಿಸುವ ಅದು, ನೀವೂ ಒಂದು ಕಾಲಕ್ಕೆ ಈಜಿಪ್ಟಿನಲ್ಲಿ ಪರದೇಶಿಗಳಾಗಿದ್ದಿರಿ ಎಂದು ಇಸ್ರೇಲರಿಗೆ ನೆನಪಿಸುತ್ತದೆ. ಬಂದವನ ಮೂಲ ವಿಚಾರಿಸದೆ ಅವನನ್ನು ಮನೆಮಗನ ಸಾಲಿಗೆ ಸೇರಿಸುವ ಬಸವಣ್ಣನವರ ಪ್ರಾರ್ಥನೆಯೂ ಕನ್ನಡಿಗರಿಗೆ ಹೊಸದಲ್ಲ.

ಇದಕ್ಕೆ ಹತ್ತಿರದ ಮಾತನ್ನು ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರ ಗುಂಪು ಆಡಳಿತದ ಭಾಷೆಯಲ್ಲಿ ಹೇಳಿತು. ಲಸಿಕೆ ಹಂಚಿಕೆಯ ಮೌಲ್ಯಗಳ ಕುರಿತು 2020ರ ಸೆಪ್ಟೆಂಬರಿನಲ್ಲಿ ಅದು ಹೊರತಂದ ಚೌಕಟ್ಟಿನಲ್ಲಿ ಸಮಾನ ಗೌರವದ ಜೊತೆಗೆ ಇನ್ನೊಂದು ತತ್ವವೂ ಇತ್ತು: ಉಳಿದವರ ಒಳಿತಿಗಾಗಿ ಹೆಚ್ಚಿನ ಅಪಾಯ ಹೊತ್ತವರಿಗೆ ಸಮಾಜ ತೀರಿಸಬೇಕಾದ ಋಣವಿದೆ. ಲಾಕ್‌ಡೌನಿನಲ್ಲಿ ಊರೆಲ್ಲ ಮನೆಯಲ್ಲಿ ಕೂತಾಗ ಆಸ್ಪತ್ರೆಯ ನೆಲ ಒರೆಸಿದವರು, ಮನೆಬಾಗಿಲಿಗೆ ದಿನಸಿ ತಲುಪಿಸಿದವರು ಅನೇಕ ದೇಶಗಳಲ್ಲಿ ಹೊರಗಿನಿಂದ ಬಂದವರೇ. ಋಣ ಅಂದ ಮೇಲೆ ಅದು ದಾನವಲ್ಲ.

ಕೊಲ್ಲಿ ರಾಷ್ಟ್ರಗಳಲ್ಲಿ ಈ ಪ್ರಶ್ನೆ ದಿನನಿತ್ಯದ್ದು. ಸಂಯುಕ್ತ ಅರಬ್ ಸಂಸ್ಥಾನದಲ್ಲಿ ಹತ್ತು ಜನರಲ್ಲಿ ಸುಮಾರು ಒಂಬತ್ತು ಮಂದಿ ಹೊರದೇಶದವರು. ಭಾರತೀಯರೇ 30 ಲಕ್ಷಕ್ಕೂ ಹೆಚ್ಚಿದ್ದಾರೆ. ಮಂಗಳೂರು, ಉಡುಪಿ, ಭಟ್ಕಳದ ಎಷ್ಟೋ ಮನೆಗಳ ಒಲೆ ಉರಿಯುವುದು ಅಲ್ಲಿಯ ಸಂಬಳದಲ್ಲಿ. ಆ ದೇಶ ಪ್ರಜೆಗಳಿಗೂ ನಿವಾಸಿಗಳಿಗೂ ಉಚಿತವಾಗಿ ಲಸಿಕೆ ಹಾಕಿತು. ಲಸಿಕೆಯಲ್ಲಿ ಹಂದಿಯ ಜೆಲಾಟಿನ್ ಇದ್ದರೇನು ಗತಿ ಎಂಬ ಅನುಮಾನ ಎದ್ದಾಗ, ಶೇಖ್ ಅಬ್ದುಲ್ಲಾ ಬಿನ್ ಬಯ್ಯಾ ಅಧ್ಯಕ್ಷರಾಗಿದ್ದ ಫತ್ವಾ ಮಂಡಳಿ 2020ರ ಡಿಸೆಂಬರಿನಲ್ಲೇ ಉತ್ತರ ಕೊಟ್ಟಿತು: ಬೇರೆ ಪರ್ಯಾಯ ಇಲ್ಲದಾಗ ಜೀವ ಉಳಿಸುವುದು ಮುಖ್ಯ, ಹಾಕಿಸಿಕೊಳ್ಳಬಹುದು. 2021ರ ಫೆಬ್ರುವರಿಯಲ್ಲಿ ದುಬೈಯ ಜೆಬೆಲ್ ಅಲಿಯಲ್ಲಿರುವ ಗುರುನಾನಕ್ ದರ್ಬಾರ್ ಗುರುದ್ವಾರದ ಆವರಣದಲ್ಲೇ ಸಿನೊಫಾರ್ಮ್ ಲಸಿಕೆಯ ಶಿಬಿರ ನಡೆಯಿತು. ಮುಸ್ಲಿಂ ರಾಷ್ಟ್ರ, ಸಿಖ್ಖರ ಗುರುದ್ವಾರ, ಚೀನಾದ ಲಸಿಕೆ, ಯಾವ್ಯಾವುದೋ ದೇಶದವರ ತೋಳು. ಊಟದ ಪಂಕ್ತಿಯಲ್ಲಿ ಕೂತವರ ಜಾತಿ, ಧರ್ಮ ಕೇಳದ ಲಂಗರಿನ ಸಂಪ್ರದಾಯಕ್ಕೆ ಇದಕ್ಕಿಂತ ಸಹಜವಾದ ಮುಂದುವರಿಕೆ ಇನ್ನೊಂದಿರಲಾರದು.

ಸೌದಿ ಅರೇಬಿಯಾದಲ್ಲಿ ವಾಸದ ಊರು ಆರಾಧನೆಯನ್ನೂ ನಿರ್ಧರಿಸಿತು. 2021ರ ಹಜ್‌ಗೆ ಅವಕಾಶ ಸಿಕ್ಕಿದ್ದು 60,000 ಮಂದಿಗೆ. ಎಲ್ಲರೂ ಆಗಲೇ ದೇಶದೊಳಗಿದ್ದವರು, ಲಸಿಕೆ ಪಡೆದವರು. ಊರಿನಲ್ಲಿ ವರ್ಷಗಟ್ಟಲೆ ದುಡ್ಡು ಕೂಡಿಟ್ಟು ಕಾದ ಕರ್ನಾಟಕದ ಹಿರಿಯರು ಆ ವರ್ಷ ಹೊರಡುವಂತಿರಲಿಲ್ಲ. ಜೆದ್ದಾದಲ್ಲಿ ಕೆಲಸಕ್ಕಿದ್ದ ಭಾರತೀಯ ಅರ್ಜಿ ಹಾಕಬಹುದಿತ್ತು.

ಅದೇ ಕೊಲ್ಲಿಯ ಕುವೈತ್‌ನಲ್ಲಿ ಚಿತ್ರವೇ ಬೇರೆ. ಜನಸಂಖ್ಯೆಯ ಮೂರರಲ್ಲಿ ಎರಡು ಪಾಲಿನಷ್ಟು ಹೊರಗಿನವರೇ ಇದ್ದರೂ 2021ರ ಮೊದಲ ತಿಂಗಳುಗಳಲ್ಲಿ ಪ್ರಜೆಗಳಿಗೇ ಆದ್ಯತೆ ಸಿಗುತ್ತಿದೆ ಎಂಬ ವರದಿಗಳು ಬಂದವು. ಮನೆಗೆಲಸದವರು, ಅಂಗಡಿಯ ಹುಡುಗರು ಹೆಸರು ಬರೆಸಿ ಕಾಯುತ್ತ ಉಳಿದರು. ಯಜಮಾನತಿಗೆ ಲಸಿಕೆಯಾಗಿ, ಅವಳ ಮಗುವನ್ನು ದಿನವಿಡೀ ಎತ್ತಿಕೊಳ್ಳುವವಳಿಗೆ ಆಗದಿರುವ ಈ ಕ್ರಮ ಧರ್ಮಕ್ಕೆ ದೂರವಾದದ್ದು. ರೋಗ ತಡೆಯುವ ಬುದ್ಧಿಗೂ ದೂರವಾದದ್ದೇ.

ಈ ಎರಡನೆಯ ಕಾರಣದಿಂದಲೇ ಹೆಚ್ಚಿನ ದೇಶಗಳು ಹೊರಗಿನವರನ್ನು ಒಳಗೆ ಸೇರಿಸಿಕೊಂಡವು. ಲಸಿಕೆ ಕೇಂದ್ರಗಳ ಬಳಿ ವಲಸೆ ದಾಖಲೆಯಿಲ್ಲದವರನ್ನು ದಸ್ತಗಿರಿ ಮಾಡುವ ಕಾರ್ಯಾಚರಣೆ ನಡೆಸುವುದಿಲ್ಲ ಎಂದು ಅಮೆರಿಕ 2021ರ ಫೆಬ್ರುವರಿಯಲ್ಲಿ ಘೋಷಿಸಿತು. ದಾಖಲೆಯಿಲ್ಲದೆ ಉಳಿದವರಿಗೂ ವಿಚಾರಣೆ ಮಾಡದೆ ಲಸಿಕೆ ಕೊಡುತ್ತೇವೆಂದು ಬ್ರಿಟನ್ ಅದೇ ತಿಂಗಳು ಹೇಳಿತು. ನೆರೆಯವನಿಗೆ ಸೋಂಕಿದ್ದರೆ ನಮಗೂ ತಪ್ಪದು ಎಂಬ ಲೆಕ್ಕ ಅಲ್ಲಿತ್ತು. ಇಲ್ಲಿ ಜರ್ಮನಿಯ ತತ್ವಜ್ಞಾನಿ ಕಾಂಟ್ 1785ರಲ್ಲಿ ಎತ್ತಿದ ಅಂಗಡಿಯವನ ಉದಾಹರಣೆ ಎದುರಾಗುತ್ತದೆ. ಅಂಗಡಿಗೆ ಬಂದ ಅರಿಯದ ಗಿರಾಕಿಗೂ ಅವನು ನ್ಯಾಯವಾದ ಬೆಲೆಯನ್ನೇ ಹೇಳುತ್ತಾನೆ. ಆದರೆ ವ್ಯಾಪಾರ ಕೆಡಬಾರದೆಂದಷ್ಟೇ ಹಾಗೆ ಮಾಡುವುದಾದರೆ, ನಡೆ ಸರಿಯಿದ್ದರೂ ಅದಕ್ಕೆ ನೈತಿಕ ಬೆಲೆಯಿಲ್ಲ ಎಂದ ಕಾಂಟ್. ಫಲ ಒಂದೇ ಆದಾಗ ಉದ್ದೇಶ ಯಾವುದಾದರೇನು ಎಂದು ಕೇಳುವವರಿದ್ದಾರೆ. ಲಸಿಕೆ ಬಿದ್ದ ತೋಳಿಗೆ ವ್ಯತ್ಯಾಸ ತಿಳಿಯುವುದಿಲ್ಲ, ನಿಜ. ವ್ಯತ್ಯಾಸ ತಿಳಿಯುವುದು ಮರುದಿನದಿಂದ.

ಸಿಂಗಾಪುರವನ್ನು ನೋಡಬೇಕು. ಕಟ್ಟಡ ಕಟ್ಟುವ, ಹಡಗು ದುರಸ್ತಿ ಮಾಡುವ ಸುಮಾರು 3 ಲಕ್ಷ ಕೂಲಿಕಾರ್ಮಿಕರು ಆಗ ಅಲ್ಲಿ ಡಾರ್ಮಿಟರಿಗಳಲ್ಲಿ ಇದ್ದರು. ತಮಿಳುನಾಡು, ಬಾಂಗ್ಲಾದೇಶದವರು ಬಹಳ. ಒಂದೊಂದು ಕೋಣೆಯಲ್ಲಿ ಹತ್ತಾರು ಜನ, ಎರಡಂತಸ್ತಿನ ಮಂಚಗಳು, ಹಂಚಿಕೊಂಡ ಅಡುಗೆಮನೆ, ಸಾಲು ಶೌಚಾಲಯ. 2020ರ ಏಪ್ರಿಲಿನಲ್ಲಿ ಸೋಂಕು ಅಲ್ಲಿ ಹರಡಿದಾಗ ಗೇಟು ಮುಚ್ಚಲಾಯಿತು. ಡಾರ್ಮಿಟರಿಯವರಲ್ಲಿ ಶೇ. 47ರಷ್ಟು ಮಂದಿಗೆ ಸೋಂಕು ತಗುಲಿತ್ತೆಂದು ಆ ವರ್ಷದ ಕೊನೆಗೆ ಸರ್ಕಾರವೇ ಪ್ರಕಟಿಸಿತು. ಲಸಿಕೆಯ ವಿಚಾರದಲ್ಲಿ ಆ ದೇಶ ಅವರನ್ನು ಬಿಡಲಿಲ್ಲ. 2021ರ ಮಾರ್ಚ್‌ನಿಂದಲೇ ಡಾರ್ಮಿಟರಿಯವರಿಗೆ ಉಚಿತವಾಗಿ ಕೊಡಲಾರಂಭಿಸಿ, ಬಹುಪಾಲು ಮಂದಿಗೆ ಪೂರೈಸಿತು. ಅದನ್ನು ಮೆಚ್ಚಲೇಬೇಕು.

ಆದರೆ ಎರಡೂ ಡೋಸ್ ಪಡೆದ ಪ್ರಜೆ ಊರೆಲ್ಲ ಓಡಾಡುತ್ತಿದ್ದಾಗ, ಎರಡೂ ಡೋಸ್ ಪಡೆದ ಕಾರ್ಮಿಕನಿಗೆ ಕೆಲಸದ ಜಾಗ ಮತ್ತು ಡಾರ್ಮಿಟರಿ ಬಿಟ್ಟರೆ ಬಹುಮಟ್ಟಿಗೆ ಬೇರೆ ಲೋಕವಿರಲಿಲ್ಲ. 2021ರ ಸೆಪ್ಟೆಂಬರಿನಲ್ಲಿ ಪ್ರಯೋಗವಾಗಿ ಬಾಗಿಲು ಸ್ವಲ್ಪ ತೆರೆಯಿತು: ವಾರಕ್ಕೆ ಹೆಚ್ಚೆಂದರೆ 500 ಮಂದಿ, ಆರು ಗಂಟೆಯ ಮಟ್ಟಿಗೆ, ಲಿಟಲ್ ಇಂಡಿಯಾ ಅಥವಾ ಗೇಲಾಂಗ್ ಸೆರಾಯ್‌ಗೆ ಹೋಗಿಬರಬಹುದು. ಆರು ಗಂಟೆಯಲ್ಲಿ ದೇವಸ್ಥಾನಕ್ಕೋ ಮಸೀದಿಗೋ ಹೋಗಬೇಕು, ಊರಿಗೆ ಹಣ ಕಳಿಸಬೇಕು, ಸ್ನೇಹಿತನ ಮುಖ ನೋಡಬೇಕು. ಸೋಂಕು ತಡೆಯುವುದಷ್ಟೇ ಗುರಿಯಾಗಿದ್ದರೆ ಒಂದೇ ಲಸಿಕೆ ಪಡೆದ ಎರಡು ದೇಹಗಳಿಗೆ ಎರಡು ನಿಯಮ ಯಾಕೆ? ಇಕ್ಕಟ್ಟಾದ ವಸತಿಯೇ ಅಪಾಯ ಎಂಬುದು ಸರ್ಕಾರದ ಉತ್ತರ. ಹಾಗೆ ಇಕ್ಕಟ್ಟಾಗಿ ಇರುವುದು ಅವರು ತಾವಾಗಿ ಆರಿಸಿಕೊಂಡದ್ದಲ್ಲವಲ್ಲ! ತನ್ನ ಹಿತಕ್ಕಾಗಿ ಕೊಟ್ಟವನ ಕೈ, ಹಿತ ಮುಗಿದಲ್ಲಿ ನಿಲ್ಲುತ್ತದೆ ಎಂಬ ಕಾಂಟ್‌ನ ಅಳುಕು ಇಲ್ಲಿ ಕಣ್ಣಿಗೆ ಕಾಣುತ್ತದೆ.

ದೇಹದ ಹೊಣೆಯ ಪ್ರಶ್ನೆ ಲಸಿಕೆಯ ಹೆಸರಿನ ಮೇಲೂ ಬಂತು. ಭಾರತದಲ್ಲಿ ಹಾಕಿದ ಕೋವಿಶೀಲ್ಡ್ ಹೊರಟದ್ದು ಪುಣೆಯ ಸೀರಂ ಇನ್‌ಸ್ಟಿಟ್ಯೂಟ್‌ನಿಂದ. ಅದೇ ಕಾರ್ಖಾನೆಯ 50 ಲಕ್ಷ ಡೋಸ್ ಬ್ರಿಟನ್ನಿಗೂ ಹೋಗಿತ್ತು. ಆದರೂ ಭಾರತದಲ್ಲಿ ಅದನ್ನು ಹಾಕಿಸಿಕೊಂಡು ಲಂಡನ್ನಿಗೆ ಹೊರಟವರನ್ನು ಲಸಿಕೆ ಪಡೆಯದವರೆಂದೇ ಎಣಿಸುವ ನಿಯಮವನ್ನು ಬ್ರಿಟನ್ 2021ರ ಅಕ್ಟೋಬರ್ 4ರಿಂದ ಜಾರಿಗೆ ತಂದಿತು. ಭಾರತವೂ ಅಂದಿನಿಂದಲೇ ಬ್ರಿಟಿಷರಿಗೆ ಹತ್ತು ದಿನದ ಕ್ವಾರಂಟೈನ್ ವಿಧಿಸಿತು. ವಾರ ಕಳೆಯುವಷ್ಟರಲ್ಲಿ ಬ್ರಿಟನ್ ನಿಯಮ ಸಡಿಲಿಸಿತು. ದೊಡ್ಡ ದೇಶಗಳ ಜಗಳವಾದ್ದರಿಂದ ಬೇಗ ಇತ್ಯರ್ಥವಾಯಿತು. ಭಾರತದ ಇನ್ನೊಂದು ಲಸಿಕೆ ಕೋವ್ಯಾಕ್ಸಿನ್ ಹಾಕಿಸಿಕೊಂಡವರಿಗೆ ಅಷ್ಟು ಬೇಗ ದಾರಿ ತೆರೆಯಲಿಲ್ಲ. ರಜೆಗೆ ಊರಿಗೆ ಬಂದು, ಹತ್ತಿರದ ಕೇಂದ್ರದಲ್ಲಿ ಸಿಕ್ಕಿದ ಲಸಿಕೆ ಹಾಕಿಸಿಕೊಂಡ ಕೊಲ್ಲಿಯ ಉದ್ಯೋಗಿಗಳು ವಾಪಸು ಹೋಗಲಾರದೆ ಕುಳಿತರು. ವಿಶ್ವ ಆರೋಗ್ಯ ಸಂಸ್ಥೆಯ ಮಾನ್ಯತೆ ಕೋವ್ಯಾಕ್ಸಿನ್‌ಗೆ ಸಿಕ್ಕಿದ್ದು ಆ ವರ್ಷದ ನವೆಂಬರ್ 3ರಂದು. ಸೌದಿಯಲ್ಲಿ ಕೆಲಸಕ್ಕಿದ್ದ ಒಬ್ಬರು, ಅಲ್ಲಿ ಮಾನ್ಯವಾದ ಲಸಿಕೆಯ ಮೂರನೆಯ ಡೋಸ್ ಕೊಡಿಸಿ ಎಂದು ಕೇರಳ ಹೈಕೋರ್ಟಿನ ಮೆಟ್ಟಿಲು ಹತ್ತಿದರು. ಆರೋಗ್ಯಕ್ಕಾಗಿ ಬೇಕಿಲ್ಲದ ಚುಚ್ಚುಮದ್ದನ್ನು ಅನ್ನಕ್ಕಾಗಿ ಬೇಡಬೇಕಾದ ಸ್ಥಿತಿ.

ಭಾರತ ತನ್ನೊಳಗಿನ ಹೊರಗಿನವರನ್ನು ಹೇಗೆ ನಡೆಸಿಕೊಂಡಿತು? ಇಲ್ಲಿ ಒಂದು ಸರ್ಕಾರಿ ಆದೇಶ ಗಮನಿಸಬೇಕಾದದ್ದು. 2021ರ ಮೇ 6ರಂದು ಕೇಂದ್ರ ಆರೋಗ್ಯ ಸಚಿವಾಲಯ ಗುರುತಿನ ಚೀಟಿ ಇಲ್ಲದವರಿಗೆ ಲಸಿಕೆ ಹಾಕುವ ಕ್ರಮವನ್ನು ರಾಜ್ಯಗಳಿಗೆ ತಿಳಿಸಿತು. ಆ ಪಟ್ಟಿಯಲ್ಲಿ ಭಿಕ್ಷುಕರು, ಜೈಲಿನಲ್ಲಿರುವವರು, ವೃದ್ಧಾಶ್ರಮದವರ ಜೊತೆಗೆ ಅಲೆಮಾರಿಗಳೂ ಬೇರೆ ಬೇರೆ ಧರ್ಮಗಳ ಸಾಧುಸಂತರೂ ಇದ್ದರು. ಹೆಸರು, ಮನೆ, ಕುಲ ಎಲ್ಲವನ್ನೂ ಬಿಟ್ಟು ಹೋದವನಿಗೆ ಆಧಾರ್ ಸಂಖ್ಯೆ ಎಲ್ಲಿಂದ ಬರಬೇಕು? ಮೊಬೈಲೂ ಗುರುತಿನ ಚೀಟಿಯೂ ಇರುವ ಒಬ್ಬರು ಅಂಥವರ ಗುಂಪಿನ ಪರವಾಗಿ ನಿಂತರೆ ಸಾಕು, ನೋಂದಣಿಯಾಗುತ್ತಿತ್ತು. ಒಬ್ಬನ ದೇಹಕ್ಕೆ ಇನ್ನೊಬ್ಬ ಹೊಣೆ ನಿಲ್ಲಬಹುದೆಂದು ಸರ್ಕಾರದ ಕಡತವೇ ಒಪ್ಪಿಕೊಂಡ ಅಪರೂಪದ ಗಳಿಗೆ ಅದು.

ವಿದೇಶಿಯರ ಸರದಿ ಬಂದದ್ದು ಮೂರು ತಿಂಗಳ ನಂತರ. ಪಾಸ್‌ಪೋರ್ಟ್ ತೋರಿಸಿ ಲಸಿಕೆಯ ಸರ್ಕಾರಿ ಜಾಲತಾಣ ಕೋವಿನ್‌ನಲ್ಲಿ ಹೆಸರು ನೋಂದಾಯಿಸಿಕೊಳ್ಳಬಹುದು ಎಂದು ಆಗಸ್ಟ್ 9ರಂದು ಪ್ರಕಟಣೆ ಹೊರಟಿತು. ಬೆಂಗಳೂರಿನಲ್ಲಿ ಓದುತ್ತಿದ್ದ ಆಫ್ರಿಕಾದ ವಿದ್ಯಾರ್ಥಿಗಳಿಗೂ ಕಂಪನಿಗಳ ವಿದೇಶಿ ಉದ್ಯೋಗಿಗಳಿಗೂ ಅದರಿಂದ ನೇರ ದಾರಿ ಸಿಕ್ಕಿತು. ಪ್ರಕಟಣೆ ಎರಡು ಕಾರಣ ಕೊಟ್ಟಿತು: ಇಲ್ಲಿ ವಾಸಿಸುವ ವಿದೇಶಿಯರ ಸುರಕ್ಷತೆ, ಮತ್ತು ಜನದಟ್ಟಣೆಯ ಮಹಾನಗರಗಳಲ್ಲಿ ಸೋಂಕು ಹರಡದಂತೆ ತಡೆಯುವುದು. ಎರಡನೆಯ ಕಾರಣ ಇಲ್ಲದಿದ್ದರೆ ಮೊದಲನೆಯದೊಂದೇ ಸಾಕಾಗುತ್ತಿತ್ತೇ? ಕೋವಿಡ್ ಇದನ್ನು ಪರೀಕ್ಷೆಗೆ ಹಚ್ಚಲಿಲ್ಲ. ಅಂಟದ ಕಾಯಿಲೆಗಳು ದಿನಾ ಹಚ್ಚುತ್ತಿವೆ. ಮೂತ್ರಪಿಂಡ ಕೆಟ್ಟು ವಾರಕ್ಕೆ ಮೂರು ಸಲ ಡಯಾಲಿಸಿಸ್ ಬೇಕಾದ ಪರದೇಶದ ಕಾರ್ಮಿಕನಿಂದ ಯಾವ ಪ್ರಜೆಗೂ ಸೋಂಕು ತಗುಲುವುದಿಲ್ಲ. ಅವನ ಖರ್ಚನ್ನು ಯಾರು ಹೊರಬೇಕು ಎಂಬ ವಿಚಾರದಲ್ಲಿ ಕೊಲ್ಲಿಯಲ್ಲಾಗಲಿ, ಸಿಂಗಾಪುರದಲ್ಲಾಗಲಿ, ಬೆಂಗಳೂರಿನಲ್ಲಾಗಲಿ 2021ರ ಉದಾರತೆ ಮುಂದುವರಿದಿಲ್ಲ. ಅಲ್ಲಿ ಮತ್ತೆ ವಿಮೆಯ ಚೀಟಿ, ವೀಸಾದ ಅವಧಿ, ಮಾಲೀಕನ ಮರ್ಜಿಯೇ ತೀರ್ಮಾನಿಸುತ್ತವೆ.