ಏಕದಿಂದ ಪರಾರ್ಧಕ್ಕೆ

ಯಜುರ್ವೇದದ ಅಗ್ನಿಚಯನ ಪ್ರಕರಣದಲ್ಲಿ ಅಪೂರ್ವವಾದ ಪ್ರಾರ್ಥನೆಯೊಂದುಂಟು. ಇಟ್ಟಿಗೆಗಳಿಂದ ವೇದಿಕೆಯನ್ನು ಕಟ್ಟಿದ ಯಜಮಾನನು, ಆ ಇಟ್ಟಿಗೆಗಳೇ ತನಗೆ ಹಾಲು ಕರೆಯುವ ಧೇನುಗಳಾಗಲೆಂದು ಅಗ್ನಿಯನ್ನು ಬೇಡುತ್ತಾನೆ. ಧೇನುಗಳೆಷ್ಟು? ಏಕ, ದಶ, ಶತ, ಸಹಸ್ರವೆಂದು ಹತ್ತು ಹತ್ತು ಪಟ್ಟಾಗಿ ಏರುವ ಆ ಎಣಿಕೆಯು ಪರಾರ್ಧದಲ್ಲಿ ನಿಲ್ಲುತ್ತದೆ. ಒಂದರ ಮುಂದೆ 12 ಸೊನ್ನೆಗಳು. ಅಂದರೆ ಲಕ್ಷ ಕೋಟಿ. ಕ್ರಿ.ಶ. 9ನೆಯ ಶತಮಾನದಲ್ಲಿ, ನೃಪತುಂಗನ ಕಾಲದ ಮಹಾವೀರಾಚಾರ್ಯನು ತನ್ನ ‘ಗಣಿತಸಾರಸಂಗ್ರಹ’ದಲ್ಲಿ ಇಂತಹ 24 ಸ್ಥಾನಗಳನ್ನು ಹೆಸರಿಸಿದನು.

ಲಕ್ಷ, ಕೋಟಿ ಎಂಬ ಮಾತುಗಳು ಕನ್ನಡಕ್ಕೂ ತೆಲುಗಿಗೂ ಸಮಾನವಾದುವು. ಎರಡೂ ಎರಡಕ್ಷರದವು, ನಾಲಿಗೆಗೆ ಎರಡೂ ಹಗುರ. ಅವುಗಳ ನಡುವಣ ಅಂತರವನ್ನು ಉಸಿರಿನಿಂದ ಅಳೆದು ನೋಡಬೇಕು. ಮನುಷ್ಯನು ದಿನವೊಂದಕ್ಕೆ 21,600 ಸಲ ಉಸಿರಾಡುವನೆಂಬುದು ಯೋಗಶಾಸ್ತ್ರದ ಗಣನೆ. ಉಸಿರಿಗೊಂದರಂತೆ ಹಗಲಿರುಳೂ ಎಡೆಬಿಡದೆ ನಾಮವನ್ನು ಜಪಿಸಿದರೆ, ಸಾವಿರಕ್ಕೆ ಒಂದು ಗಂಟೆಗೆ ತುಸು ಮಿಗಿಲು ಕಾಲ ಸಾಕು. ಲಕ್ಷವು ಐದು ದಿನಗಳೊಳಗೆ ಮುಗಿಯುವುದು. ಕೋಟಿಗಾದರೋ 463 ದಿನಗಳು ಬೇಕು. ನೂರು ಕೋಟಿಗೆ 126 ವರ್ಷಗಳೂ ಸಾಲವು! ಶತಾಯುಷಿಯ ಉಸಿರುಗಳೆಲ್ಲವೂ ಸೇರಿದರೆ ಸುಮಾರು 79 ಕೋಟಿಯಷ್ಟೆ. ಪರಾರ್ಧವನ್ನು ಮುಟ್ಟಲು ಅಂತಹ 1,267 ಜನ್ಮಗಳನ್ನು ಮೀರಬೇಕು. ಅದರಲ್ಲಿಯೂ ನಿದ್ರೆಗೆ, ಬಾಲ್ಯಕ್ಕೆ, ವ್ಯರ್ಥವಾದ ಮಾತಿಗೆ ಹೋದ ಉಸಿರುಗಳನ್ನು ಕಳೆದರೆ ಉಳಿಯುವುದೆಷ್ಟು? ‘ನಾಳೆ ನೋಡೋಣ’ ಎನ್ನುವವನು ಈ ಲೆಕ್ಕವನ್ನೊಮ್ಮೆ ಮಾಡಬೇಕು.

ದೇವಕಾರ್ಯದ ಕಾಣಿಕೆಯಲ್ಲಿಯೂ ಇದೇ ಗಣಿತವುಂಟು. ಕೋಟಿಯುಳ್ಳವನು ಲಕ್ಷವನ್ನಿತ್ತರೆ ಅದು ನೂರರಲ್ಲೊಂದು ಪಾಲು. ನೂರು ರೂಪಾಯಿ ಮಾತ್ರವುಳ್ಳ ಮುದುಕಿಯೊಬ್ಬಳು ಹತ್ತನ್ನಿತ್ತರೆ ಅದು ಹತ್ತರಲ್ಲೊಂದು ಪಾಲು. ರಶೀದಿ ಪುಸ್ತಕದಲ್ಲಿ ಅವನದು ಹತ್ತು ಸಾವಿರ ಪಟ್ಟು ಹಿರಿದು. ತ್ಯಾಗದಲ್ಲಿ ಅವಳದು ಹತ್ತು ಪಟ್ಟು ಹಿರಿದು. ಗೋಡೆಗೆ ಎರಡೂ ಬೇಕು. ಆದುದರಿಂದ ಕೊಟ್ಟವನು ಬೀಗಬಾರದು. ಹೆಚ್ಚು ಕೊಡಲಾರದವನು ನಾಚಬಾರದು.

ಪರಾರ್ಧವನ್ನು ಬಯಸಿದ ಯಜಮಾನನೂ ‘ಏಕ’ವನ್ನು ದಾಟಿ ಎಣಿಕೆಯನ್ನು ತೊಡಗಲಿಲ್ಲ. ಶಿಖರವು ಎಷ್ಟೇ ಎತ್ತರವಾಗಲಿ, ಅಡಿಯಲ್ಲಿ ಮೊದಲನೆಯ ಇಟ್ಟಿಗೆಯಿರಲೇಬೇಕು. ಹೋದ ಉಸಿರು ಮರಳದು. ಬರುವ ಉಸಿರು ನಿಶ್ಚಯವಲ್ಲ. ಮನುಷ್ಯನ ಕೈಯಲ್ಲಿರುವುದು ಈಗಿನದೊಂದೇ. ಆ ಒಂದರಲ್ಲಿ ಭಗವಂತನ ನಾಮವು ನೆಲಸಲಿ. ಎಣಿಕೆಯು ಅಲ್ಲಿಂದಲೇ ಮೊದಲಾಗಲಿ. ಮಂಗಳಮಸ್ತು.